ಹಣಿ ಮ್ಯಾಲಿನ ಹಚ್ಚಿಬೊಟ್ಟು ಅಳಸಬ್ಯಾಡ್ರಿ

ನಮ್ಮ ಕಿತ್ತೂರ ಚೆನ್ನಮ್ಮಾಜಿ ಬೈಲಹೊಂಗಲದಾಗ ತೀರಿಕೊಂಡದ್ದು 1829ರಾಗ. ಫೋಟೊ ತೆಗೆಯೂ ವಿದ್ಯಾ ಜಗತ್ತಿಗೆ ಗೊತ್ತಾದದ್ದು 1839ರಾಗ. ಹಿಂಗಾಗಿ ಆಕಿ ಖರೇ ಮುಖ ನಮಗ ಸಿಗಲೇ ಇಲ್ಲ. ಈಗ ನೋಡೂದೆಲ್ಲ ಚಿತ್ರಗಾರರು ಊಹಿಸಿ ಬರೆದದ್ದು. ನಮ್ಮ ಚಚಡಿ ಮನಿಗಳ ಗ್ವಾಡಿ ಮ್ಯಾಲೆ ಆಯಿ-ಮುತ್ತ್ಯಾರ ಖರೇ ಮುಖ ಅದಾವ. ಆದ್ರ ಹುಳ ಹತ್ತಿ, ಮಳಿನೀರು ಇಳದು ಹಾಳಾಗಾಕತ್ತಾವ. ಲಗೂನ ಸ್ಕ್ಯಾನ್ ಮಾಡಸ್ರಿ.

ಇದೇನು ಹೊಸಾದಲ್ಲ. 1957ರಾಗ ಅಮೆರಿಕಾದ ರಸೆಲ್ ಕಿರ್ಶ್ ಅನ್ನಾವರು ಮೊದಲನೇ ಸಲ ಕಂಪ್ಯೂಟರಿಗೆ ಇಳಿಸಿದ್ದು ತಮ್ಮ ಮೂರು ತಿಂಗಳ ಕೂಸಿನ ಫೋಟೊ. ಅಡ್ಡ 176, ಉದ್ದ 176 ಚುಕ್ಕಿ, ಅಷ್ಟ. ರಂಗೋಲಿ ಹಾಕೂ ನಮಗ ಇದು ತಿಳಿಯದ ಮಾತೇನಲ್ಲ ಬಿಡ್ರಿ, ಚುಕ್ಕಿ ಹೆಚ್ಚಾದಷ್ಟೂ ಚಿತ್ರ ನಾಜೂಕ. ಸಣ್ಣ ಫೋಟೊ ಇದ್ರ ಅಂಗಡಿಯವಗ ‘600 ಡಿಪಿಐ ಇಡಪಾ’ ಅನ್ರಿ, ಅಂದ್ರ ಇಂಚಿಗೆ 600 ಚುಕ್ಕಿ.

ಮೂಲ ಫೈಲ್ ಹಂಗ ಇಟ್ಟು, ನಕಲಿನ ಮ್ಯಾಲಷ್ಟ ಕೈ ಆಡಸ್ರಿ. ಗೆರಿ, ಕಲೆ ತೆಗಸ್ರಿ. ಮುಖ ನುಣುಪು ಮಾಡಸಬ್ಯಾಡ್ರಿ. ಒಂದು ಸ್ಟುಡಿಯೋದಾಗ ನಮ್ಮತ್ತಿಯವರ ಹಣಿ ಮ್ಯಾಲಿನ ಹಚ್ಚಿಬೊಟ್ಟನ್ನ ಕಲೆ ಅಂತ ತಿಳದು ಅಳಿಸಿಬಿಟ್ಟಿದ್ರು. ಬೆಳ್ಳಗ, ಚಂದನ ಕಾಣತಿದ್ರು ಅನ್ರಿ. ಆದ್ರ ಅವರ ಮೊಮ್ಮಗಳು ನೋಡಿ ‘ಇವರ್ಯಾರು?’ ಅಂದ್ಲು. ಮೂಲ ಇತ್ತಂತ ಬದುಕಿದ್ವಿ.

ವಾಟ್ಸಾಪಿನಾಗ ಕಳಸೂಮುಂದ ಡಾಕ್ಯುಮೆಂಟ್ ಅಂತ ಕಳಸ್ರಿ. ಇಲ್ಲಂದ್ರ ಚುಕ್ಕಿ ಕಡಿಮಿ ಆಗ್ತಾವ.