ಇಪ್ಪತ್ತೊಂಬತ್ತು ಅಂಕಗಳ ಗಾಥೆ

ಮೂಡಬಿದಿರೆಯ ಬಸದಿಗಳ ದರ್ಶನ ಮುಗಿಸಿ, ಶಿರಾಡಿ ಘಾಟಿಯನ್ನೇರಿ, ಸಕಲೇಶಪುರ ಆಲೂರುಗಳ ಮಲೆಸೀಮೆಯನ್ನು ಹಾಯ್ದು ಶ್ರವಣಬೆಳಗೊಳಕ್ಕೆ ಸಾಗುವ ಯಾತ್ರಿಕರು ಜೈನ ಗಣಿತದ ಎರಡು ನಿಧಿಗಳ ನಡುವೆ ಸಂಚರಿಸುತ್ತಾರೆ. ಘಟ್ಟದ ಕೆಳಗೆ, ವೀರಸೇನಾಚಾರ್ಯರ ಧವಲಾ ಟೀಕೆಯನ್ನು ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಕಾಪಾಡಿದ ಸಿದ್ಧಾಂತ ಬಸದಿ. ಘಟ್ಟದ ಮೇಲೆ, ಇದೇ ಹಾಸನ ಜಿಲ್ಲೆಯ ಮೂಡಣ ಬಯಲಿನಲ್ಲಿ, ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ನೆನಪನ್ನು ಹೊತ್ತ ಬೆಳಗೊಳ.

ಗಂಗರ ಮಂತ್ರಿ ಚಾವುಂಡರಾಯನು ಸುಮಾರು 981ರಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದುದು ಸರ್ವವಿದಿತ. ಅವನ ಗುರುಗಳಾದ ನೇಮಿಚಂದ್ರರು ಅವನ ನಿಮಿತ್ತವಾಗಿ ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳುವ ಒಂದು ಗಾಥೆಯಿರುವುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಸಂಖ್ಯೆ ಇದು:

79228162514264337593543950336

ಇದು ಮನಬಂದಂತೆ ಬರೆದ ಅಂಕಗಳ ಸಾಲಲ್ಲ. ಎರಡನ್ನು ವರ್ಗಿಸಿದರೆ 4. ಅದನ್ನು ವರ್ಗಿಸಿದರೆ 16. ಹೀಗೆಯೇ 256, 65536. ಐದನೆಯ ವರ್ಗ 4294967296, ಆರನೆಯದು 18446744073709551616. ಈ ಕೊನೆಯ ಎರಡರ ಗುಣಲಬ್ಧವೇ ಮೇಲಿನ ರಾಶಿ. ಒಂದು ರಾಶಿಯನ್ನು ಎಷ್ಟು ಬಾರಿ ಅರ್ಧಿಸಿದರೆ ಒಂದು ಉಳಿಯುವುದೋ ಅದನ್ನು ಧವಲೆಯು ‘ಅರ್ಧಚ್ಛೇದ’ವೆಂದು ಕರೆಯುತ್ತದೆ. ಗುಣಿಸಿದ ರಾಶಿಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆಂಬ ನಿಯಮವೂ ಅಲ್ಲಿದೆ. ಐದನೆಯ ವರ್ಗಕ್ಕೆ 32, ಆರನೆಯದಕ್ಕೆ 64, ಕೂಡಿದರೆ 96. ಶ್ವೇತಾಂಬರ ಆಗಮವಾದ ಅನುಯೋಗದ್ವಾರ ಸೂತ್ರವೂ ಮನುಷ್ಯರಾಶಿಯನ್ನು ತೊಂಬತ್ತಾರು ಛೇದಗಳ ರಾಶಿಯೆಂದೇ ನಿರೂಪಿಸುತ್ತದೆ.

ಇಪ್ಪತ್ತೊಂಬತ್ತು ಅಂಕಗಳನ್ನು ಶತಮಾನಗಳ ಕಾಲ ಓಲೆಯಿಂದ ಓಲೆಗೆ ತಪ್ಪಿಲ್ಲದೆ ಸಾಗಿಸುವುದು ಸುಲಭವೇ? ಅಂಕಗಳ ಸಾಲಿಗೆ ಅರ್ಥವಿಲ್ಲ. ಒಂದು ಜಾರಿದರೂ ಲಿಪಿಕಾರನಿಗೆ ಅರಿವಾಗದು. ಆದುದರಿಂದ ಗಾಥೆಯು ಕಟಪಯಾದಿ ಕ್ರಮವನ್ನು ಅವಲಂಬಿಸಿತು. ಕ ಮತ್ತು ಟ ಮೊದಲಾದ ಒಂಬತ್ತೊಂಬತ್ತು ಅಕ್ಷರಗಳಿಗೆ 1ರಿಂದ 9, ಪ ಮೊದಲಾದ ಐದಕ್ಕೆ 1ರಿಂದ 5, ಯ ಮೊದಲಾದ ಎಂಟಕ್ಕೆ 1ರಿಂದ 8. ಞ, ನ ಗಳಿಗೆ ಸೊನ್ನೆ. ಅಂಕಗಳು ಬಲದಿಂದ ಎಡಕ್ಕೆ ನಡೆಯುತ್ತವೆ. ಗಾಥೆಯ ಮೊದಲ ಅಕ್ಷರ ‘ತ’, ಎಂದರೆ ಬಿಡಿಸ್ಥಾನದ 6. ಸಂಖ್ಯಾಕ್ಷರಗಳಲ್ಲಿ ಕೊನೆಯದು ‘ಸ’, ಎಂದರೆ ತುದಿಯ 7. ಅಕ್ಷರ ಬಿಟ್ಟುಹೋದರೆ ಛಂದಸ್ಸೇ ದೂರು ಹೇಳುತ್ತದೆ.

ಛಂದಸ್ಸಿನ ಕಣ್ಣು ತಪ್ಪಿಸಿದ ದೋಷವನ್ನು ಅರ್ಧಚ್ಛೇದವು ಹಿಡಿಯುತ್ತದೆ. ತುದಿಯ 7ರ ಬದಲು 8 ಬರೆದನೆನ್ನಿ. ಇಪ್ಪತ್ತೆಂಟು ಬಾರಿ ಆ ರಾಶಿ ಸರಿಯಾಗಿಯೇ ಅರ್ಧವಾಗುತ್ತದೆ. ಇಪ್ಪತ್ತೊಂಬತ್ತನೆಯ ಬಾರಿ ಬೆಸಸಂಖ್ಯೆಯಾಗಿ ನಿಂತುಬಿಡುತ್ತದೆ. ಗಣಿತವೆಂದರೆ ಹಿಂಜರಿಯುವವರೂ ಸ್ಲೇಟು ಹಿಡಿದು ಇದನ್ನು ಪರೀಕ್ಷಿಸಬಹುದು, ತಾಳ್ಮೆಯೊಂದಿದ್ದರೆ.

ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವಣ್ಣನು ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವೃತ್ತಿಯನ್ನು ಬರೆದನು. ಅದನ್ನು ಅನುಸರಿಸಿ ಅದೇ ಹೆಸರಿನ ಸಂಸ್ಕೃತ ಟೀಕೆ ಹುಟ್ಟಿತು. ಸಂಸ್ಕೃತವನ್ನು ಆಧರಿಸಿ 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ದೇಶಭಾಷೆಯಲ್ಲಿ ವಿವರಿಸಿದರು. ಸಂಸ್ಕೃತ ಟೀಕೆಯೂ ಕೇಶವಣ್ಣನದೇ ಎಂಬ ನಂಬಿಕೆ ಬಹುಕಾಲ ಉಳಿದಿತ್ತು. ಅದು ಬೇರೊಬ್ಬ ನೇಮಿಚಂದ್ರರ ಕೃತಿಯೆಂದೂ, ಕನ್ನಡ ವೃತ್ತಿಯೇ ಅದಕ್ಕೆ ಮೂಲವೆಂದೂ 20ನೆಯ ಶತಮಾನದಲ್ಲಿ ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು.