ಅಂಕಿತದಿಂದ ಹೆಬ್ಬೆಟ್ಟಿನವರೆಗೆ: ಸಹಿಯ ಚರಿತ್ರೆ



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಠೇವು ಎಷ್ಟು, ಸಾಲ ಎಷ್ಟು, ವಸೂಲಿ ಎಷ್ಟು ಎಂಬ ಲೆಕ್ಕ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದೇ ಇರುತ್ತದೆ. ಆ ಎಲ್ಲ ಲೆಕ್ಕಗಳ ಕೆಳಗೆ ಒಂದು ಸಣ್ಣ ಗೆರೆ ಇರುತ್ತದೆ. ಅದೇ ಸಹಿ. ಷೇರು ಅರ್ಜಿಗೆ ಸಹಿ, ಸಾಲದ ಕಾಗದಕ್ಕೆ ಸಹಿ, ಜಾಮೀನಿಗೆ ಸಹಿ, ಸಭೆಯ ಹಾಜರಿಗೂ ಸಹಿ. ಸಹಿ ಇಲ್ಲದೆ ಸಂಘ ಒಂದು ದಿನವೂ ನಡೆಯುವುದಿಲ್ಲ. ಹಂಗಾದರೆ ಈ ಸಹಿ ಎಲ್ಲಿಂದ ಬಂತು, ಅದರ ಅರ್ಥ ಏನೇನು ಎಂಬುದನ್ನು ನಾವು ಸ್ವಲ್ಪ ಕೂತು ವಿಚಾರ ಮಾಡಿದರೆ ತಪ್ಪಿಲ್ಲ.

ಒಂದು ಕೆಲಸ, ಹತ್ತು ಹೆಸರು

ನಾವು ಸಹಿ ಅನ್ನುತ್ತೇವೆ. ಇದು ಅರಬ್ಬಿಯಿಂದ ಬಂದ ಮಾತು, 'ಸರಿಯಾದದ್ದು' ಎಂದು ಅರ್ಥ. ಅಂದರೆ ಸಹಿ ಮಾಡುವವ 'ಮೇಲೆ ಬರೆದದ್ದು ಸರಿ ಅದ' ಎಂದು ಹೇಳಿದಂತೆ. ಹಿರಿಯರು ದಸ್ಕತ್ತು ಅಂತಿದ್ದರು. ಅದು ಪಾರಸಿ ಮಾತು, ದಸ್ತ ಅಂದರೆ ಕೈ, ಖತ್ ಅಂದರೆ ಬರಹ. ಸಂಸ್ಕೃತದ ಹಸ್ತಾಕ್ಷರವೂ ಅದನ್ನೇ ಹೇಳುತ್ತದೆ. ಮೈಸೂರು ಸೀಮೆಯವರು ರುಜು ಅನ್ನುತ್ತಾರೆ. ಬರಹ ಬಾರದವ ಹಾಕುವುದು ನಿಶಾನಿ, ಹೆಬ್ಬೆಟ್ಟು. ಇವೆಲ್ಲಕ್ಕಿಂತ ಹಳೆಯ ಅಚ್ಚಗನ್ನಡ ಮಾತು ಒಂದಿದೆ, ಒಪ್ಪ. ಹಳೆಯ ಶಾಸನಗಳ ಕೊನೆಗೆ ಅರಸನದೋ ಊರವರದೋ 'ಒಪ್ಪ' ಎಂದು ಬರುತ್ತದೆ. ಒಪ್ಪಿಗೆ, ಒಪ್ಪಂದ ಎಂಬ ನಮ್ಮ ದಿನನಿತ್ಯದ ಮಾತುಗಳು ಅದೇ ಬಳ್ಳಿಯವು. ಮನಸ್ಸು ಒಪ್ಪದೆ ಕೈ ಒಪ್ಪಬಾರದು ಎಂಬ ನೀತಿ ಆ ಒಂದು ಶಬ್ದದಲ್ಲೇ ಅಡಗಿದೆ.

ಇನ್ನೊಂದು ಮಾತು ಅಂಕಿತ. ಅಂಕ ಅಂದರೆ ಗುರುತು. ಶಾಲೆಯ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ ಎಂದು ಕಲಿಸುತ್ತಾರಲ್ಲ, ಅದೇ ಅಂಕಿತ. ರಾಷ್ಟ್ರಪತಿಗಳು, ರಾಜ್ಯಪಾಲರು ಮಸೂದೆಗೆ ಹಾಕುವುದೂ ಅಂಕಿತ. ವಚನದ ಕೊನೆಗೆ ಬರುವುದೂ ಅಂಕಿತ. ಅದಕ್ಕೆ ಆಮೇಲೆ ಬರುತ್ತೇವೆ.

ಕಲ್ಲಿನ ಮೇಲಿನ ಮಾತು

ಅರಸರು ಸಹಿ ಹಾಕುವುದು ಹಳೆಯ ಪದ್ಧತಿ. ಕ್ರಿ.ಶ. 628ರ ಬಾಂಸಖೇಡಾ ತಾಮ್ರಪಟದಲ್ಲಿ ಸಾಮ್ರಾಟ ಹರ್ಷನ ಸ್ವಂತ ಕೈಬರಹದ ಸಹಿಯನ್ನು ಕೊರೆದದ್ದು ಇಂದಿಗೂ ಉಳಿದಿದೆ. ನಮ್ಮ ವಿಜಯನಗರದ ಅರಸರ ರೀತಿ ಬೇರೆ. ತಾಮ್ರಪಟದ ಬರಹವೆಲ್ಲ ಸಂಸ್ಕೃತ ಭಾಷೆ, ನಂದಿನಾಗರಿ ಲಿಪಿ. ಆದರೆ ಕೊನೆಗೆ ದೊಡ್ಡ ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುತ್ತದೆ. ಅರಸ ತನ್ನ ಹೆಸರು ಬರೆಯಲಿಲ್ಲ, ದೇವರ ಹೆಸರು ಬರೆದ. ಈ ರಾಜ್ಯ ವಿರೂಪಾಕ್ಷನದು, ನಾನು ನಡೆಸುವವ ಮಾತ್ರ ಎಂಬ ಭಾವನೆ ಅದು.

ಅರಸರೇ ಏಕೆ, ಊರವರೂ ಮಾತು ಕೊಟ್ಟು ಕಲ್ಲಿನಲ್ಲಿ ಬರೆಸಿದ್ದುಂಟು. ನಮ್ಮ ಇಂಡಿ ಸೀಮೆಯ ಸಾಲೋಟಗಿಯ ಶಾಸನ ನೋಡ್ರಿ. ಅದು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಅಲ್ಲಿ ದೊಡ್ಡ ವಿದ್ಯಾಶಾಲೆ ಇತ್ತು. ದೂರದೂರದಿಂದ ಬಂದ ವಿದ್ಯಾರ್ಥಿಗಳಿಗೆ ಇರಲು 27 ಮನೆಗಳಿದ್ದವು. ಊರವರು ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಶಾಲೆಗೆ ಕೊಡುವುದೆಂದು ಕಟ್ಟು ಮಾಡಿಕೊಂಡಿದ್ದರು. ಕಲ್ಲಿಗೆ ಏರಿದ ಆ ಮಾತು ಇಡೀ ಊರಿನ ಒಪ್ಪ. ಸಾವಿರ ವರ್ಷ ಕಳೆದರೂ ಅಳಿಸಿಲ್ಲ.

ವಚನದ ಅಂಕಿತ

ಹನ್ನೆರಡನೆಯ ಶತಮಾನದಲ್ಲಿ ಅಂಕಿತ ಅರಸರ ಕೈಯಿಂದ ದುಡಿಯುವವರ ಕೈಗೆ ಬಂತು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು 'ಕೂಡಲಸಂಗಮದೇವ' ಎಂಬ ಅಂಕಿತ ಇಟ್ಟುಕೊಂಡರು. ಭಂಡಾರಿಯಾಗಿ ಬಿಜ್ಜಳನ ಖಜಾನೆಯ ಲೆಕ್ಕ ಕಂಡವರು ಅವರು. ತಮ್ಮ ಮಾತಿನ ಲೆಕ್ಕವನ್ನು ಮಾತ್ರ ಸಂಗಮದೇವನ ಮುಂದೆ ಒಪ್ಪಿಸಿದರು. ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ ಐಕ್ಯರಾದರೆಂದು ಪ್ರತೀತಿ ಇರುವ ನೀಲಾಂಬಿಕೆಯವರ ಅಂಕಿತ 'ಸಂಗಯ್ಯ'. ಅಕ್ಕನಾಗಮ್ಮನವರದು 'ಬಸವಣ್ಣಪ್ರಿಯ ಚೆನ್ನಸಂಗಯ್ಯ'. ಹಿಂದೆ ಸಿಂದಗಿ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕು ಆಗಿರುವ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನವರು ಊರ ದೇವರ ಹೆಸರಿನಲ್ಲಿ 'ಕಲಿದೇವರದೇವ' ಎಂದರು. ಆಯ್ದಕ್ಕಿ ಲಕ್ಕಮ್ಮ ಗಂಡನ ಹೆಸರನ್ನೂ ಸೇರಿಸಿ 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂದಳು. ಅಂಬಿಗರ ಚೌಡಯ್ಯ ಮಾತ್ರ ಯಾರ ಹೆಸರೂ ಬೇಡವೆಂದು 'ಅಂಬಿಗರ ಚೌಡಯ್ಯ' ಎಂದೇ ಸಹಿ ಹಾಕಿದ. ಬಟ್ಟೆ ಒಗೆಯುವವರು, ಹುಟ್ಟು ಹಾಕುವವರು, ಅಕ್ಕಿ ಆಯುವವರು, ಹೆಣ್ಣುಮಕ್ಕಳು, ಎಲ್ಲರಿಗೂ ತಮ್ಮದೇ ಆದ ಒಂದು ಸಹಿ ಬಂದದ್ದು ಸಣ್ಣ ಮಾತಲ್ಲ. ಮುಂದೆ ಪುರಂದರದಾಸರು, ಕನಕದಾಸರು ಮೊದಲಾದ ಹರಿದಾಸರೂ ಅಂಕಿತದಲ್ಲೇ ಹಾಡಿದರು.

ಈ ಅಂಕಿತದ ಉಪಯೋಗ ಎಷ್ಟು ಎಂಬುದು ಏಳುನೂರು ವರ್ಷದ ಮೇಲೆ ತಿಳಿಯಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ಓಲೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. ಓಲೆಗರಿಗಳ ಆ ರಾಶಿಯಲ್ಲಿ ಯಾವ ವಚನ ಯಾರದು ಎಂದು ಗುರುತು ಹಿಡಿಯಲು ಇದ್ದ ದೊಡ್ಡ ಆಧಾರ ಕೊನೆಯ ಸಾಲಿನ ಅಂಕಿತ. ಅದೇ ಹಳಕಟ್ಟಿಯವರು ವಿಜಯಪುರದ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದವರೂ ಹೌದು. ವಚನದ ಅಂಕಿತವನ್ನೂ ಸಾಲದ ಕಾಗದದ ಸಹಿಯನ್ನೂ ಒಂದೇ ಕಣ್ಣಿನಿಂದ ನೋಡಿದ ಹಿರಿಯರು ಅವರು.

ಅಂಕಿತ ಬದಲಿಸಬಹುದೇ ಎಂಬ ಪ್ರಶ್ನೆ ನಮ್ಮ ಕಾಲದಲ್ಲೂ ಎದ್ದಿತು. ಮಾತೆ ಮಹಾದೇವಿಯವರು ತಮ್ಮ 'ವಚನ ದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದಾಗ ನಾಡಿನಲ್ಲಿ ದೊಡ್ಡ ವಿವಾದವಾಯಿತು. 1998ರಲ್ಲಿ ರಾಜ್ಯ ಸರಕಾರ ಪುಸ್ತಕಕ್ಕೆ ನಿಷೇಧ ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಒಬ್ಬರ ಅಂಕಿತದ ಪ್ರಶ್ನೆ ದೇಶದ ದೊಡ್ಡ ನ್ಯಾಯಾಲಯದ ತನಕ ಹೋಯಿತು ಅಂದರೆ ಅದರ ತೂಕ ಎಷ್ಟು ಎಂದು ತಿಳಿಯುತ್ತದೆ.

ಇನ್ನು ಸಹಿಯೇ ಇಲ್ಲದವರೂ ಇದ್ದರು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಅವರಲ್ಲಿ ಹಿರಿಯರಾದ ಚೆನ್ನಮಲ್ಲಪ್ಪ ಗಲಗಲಿಯವರು 'ಮಧುರಚೆನ್ನ' ಎಂಬ ಕಾವ್ಯನಾಮ ಇಟ್ಟುಕೊಂಡಿದ್ದರು. ಆದರೆ ಬೀಸುವ ಕಲ್ಲಿನ ಮುಂದೆ ಆ ಹಾಡು ಕಟ್ಟಿದ ತಾಯಂದಿರು ಯಾರು? ಅಂಕಿತ ಇಲ್ಲ, ಹೆಸರಿಲ್ಲ. ಮಾತು ಉಳಿಯಿತು, ಆಡಿದವರು ಉಳಿಯಲಿಲ್ಲ.

ನೇಗಿಲ ನಿಶಾನಿ, ಸಾಲದ ರೋಖೆ

ಪೇಶ್ವೆಯವರ ಕಾಲದಲ್ಲಿ ಊರ ಮಹಜರು, ಕರಾರು ಬರೆಯುವುದು ಕುಲಕರ್ಣಿಯ ಕೆಲಸ. ಗೌಡನಾಗಲಿ ರೈತನಾಗಲಿ ಬರಹ ಬಾರದಿದ್ದರೆ ಹೆಸರಿನ ಮುಂದೆ ನೇಗಿಲ ಗುರುತು ಹಾಕುತ್ತಿದ್ದರು. ಅದಕ್ಕೆ ನೇಗಿಲ ನಿಶಾನಿ ಅಂತ ಹೆಸರು. ಎಂಥ ಚಂದದ ಸಹಿ! ಆದರೆ ನೇಗಿಲು ಬರೆದವನಿಗೆ ಅದರ ಮೇಲೆ ಏನು ಬರೆದಿದೆ ಎಂಬುದು ಗೊತ್ತಿರುತ್ತಿರಲಿಲ್ಲ. ಅಲ್ಲೇ ಗೋಳು ಶುರುವಾಯಿತು.

ಬ್ರಿಟಿಷರ ಕಾಯದೆ, ಕೋರ್ಟು ಬಂದ ಮೇಲೆ ಕಾಗದದ ಮೇಲಿನ ಗುರುತೇ ಸತ್ಯವಾಯಿತು. ಸಾಹುಕಾರ ನೂರು ಕೊಟ್ಟು ಇನ್ನೂರು ಬರೆದರೂ ಕೋರ್ಟು ಕೇಳುವುದು 'ಇದು ನಿನ್ನ ನಿಶಾನಿ ಹೌದೋ ಅಲ್ಲೋ' ಎಂದು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಊರಲ್ಲಿ ರೈತರು ದಂಗೆ ಎದ್ದರು. ಅಹಮದನಗರ ಜಿಲ್ಲೆಗೂ ಅದು ಹಬ್ಬಿತು. ಅವರ ಕಣ್ಣು ಮುಖ್ಯವಾಗಿ ಇದ್ದದ್ದು ಬಂಗಾರದ ಮೇಲಲ್ಲ, ರೋಖೆಗಳ ಮೇಲೆ. ತಮ್ಮದೇ ನಿಶಾನಿ ಇದ್ದ ಕಾಗದಗಳನ್ನು ಕಸಿದು ಸುಟ್ಟರು. ತನ್ನ ಸಹಿಯನ್ನು ತಾನೇ ಸುಡುವ ಸ್ಥಿತಿ ರೈತನಿಗೆ ಬಂದಿತ್ತು.

ಅದರ ಫಲವಾಗಿ 1879ರಲ್ಲಿ ದಖ್ಖನ ರೈತರ ಪರಿಹಾರ ಕಾಯದೆ ಬಂತು. ಮೊದಲು ಪುಣೆ, ಸಾತಾರಾ, ಅಹಮದನಗರ ಮತ್ತು ನಮ್ಮ ಇಂಡಿಗೆ ಹತ್ತಿದ ಸೊಲ್ಲಾಪುರ ಜಿಲ್ಲೆಗಳಿಗೆ ಅದು ಅನ್ವಯಿಸಿತು. ರೈತನ ಸಾಲದ ಕಾಗದವನ್ನು ಗ್ರಾಮ ರಿಜಿಸ್ಟ್ರಾರನ ಎದುರಿಗೆ ಬರೆಯಬೇಕು, ಕೊಟ್ಟ ಹಣಕ್ಕೆ ರಸೀದಿ ಕೊಡಬೇಕು, ರೈತ ಕೇಳಿದರೆ ಪಾಸ್‌ಬುಕ್ಕಿನಲ್ಲಿ ಲೆಕ್ಕ ಬರೆದು ಕೊಡಬೇಕು ಎಂದು ಅದರಲ್ಲಿತ್ತು. ಇಂದು ನಮ್ಮ ಮನೆಯ ಗೂಡಿನಲ್ಲಿ ಬಿದ್ದಿರುವ ಪಾಸ್‌ಬುಕ್ಕಿನ ಹಿಂದೆ ಇಷ್ಟೊಂದು ಹೊಗೆ ಇದೆ ನೋಡ್ರಿ.

ಇದೇ ಕಾಲದಲ್ಲಿ ಹೆಬ್ಬೆಟ್ಟೂ ಬಂತು. 1858ರಲ್ಲಿ ಬಂಗಾಲದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆಯ ಸಾಮಾನು ಪೂರೈಸುವ ಕರಾರಿಗೆ ರಾಜ್ಯಧರ ಕೋನಾಯಿ ಎಂಬವನ ಪೂರ್ತಿ ಅಂಗೈಯನ್ನೇ ಮಸಿಯಲ್ಲಿ ಒತ್ತಿಸಿಕೊಂಡ. ಮುಂದೆ 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚು ವಿಭಾಗವೇ ಆಯಿತು. ಅದೇ 1897ರ ಜನರಲ್ ಕ್ಲಾಜಸ್ ಕಾಯದೆ ಬರಹ ಬಾರದವನ ಗುರುತೂ ಸಹಿಯೇ ಎಂದು ಹೇಳಿತು. ಅಂದ ಮೇಲೆ 'ಹೆಬ್ಬೆಟ್ಟಿನ ಗಿರಾಕಿ' ಎಂದು ಯಾರನ್ನೂ ಹಗುರಾಗಿ ಆಡಬಾರದು. ಕಾಯದೆಯ ಎದುರು ಹೆಬ್ಬೆಟ್ಟು, ಸಹಿ ಎರಡೂ ಒಂದೇ, ಹೊರುವ ಭಾರವೂ ಒಂದೇ.

ಹತ್ತು ಜನರ ಸಹಿ

ಒಂಟಿ ರೈತನ ನಿಶಾನಿಗೆ ಬಲವಿಲ್ಲ ಎಂಬ ಅನುಭವದಿಂದಲೇ ಸಹಕಾರ ಹುಟ್ಟಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯದೆಯ ಪ್ರಕಾರ ಕನಿಷ್ಠ ಹತ್ತು ಜನ ಕೂಡಿ ಅರ್ಜಿ ಹಾಕಿದರೆ ಸಂಘ ಆಗುತ್ತಿತ್ತು. ಮರುವರ್ಷ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ನೋಂದಣಿಯಾಯಿತು. ಆಗ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನ ಸಾಲಕ್ಕೆ ಎಲ್ಲರ ಹೊಲ-ಮನೆ ಹೊಣೆ. ಆದ್ದರಿಂದ ಸಹಿ ಹಾಕುವ ಮುಂಚೆ ಪಕ್ಕದವನ ನಡತೆ ನೋಡುತ್ತಿದ್ದರು, ಪಕ್ಕದವನೂ ಇವನದು ನೋಡುತ್ತಿದ್ದ. ಸಾಹುಕಾರನ ರೋಖೆಗೂ ಸಂಘದ ಕಾಗದಕ್ಕೂ ಇರುವ ಫರಕು ಇದೇ. ಅಲ್ಲಿ ಒಬ್ಬನೇ ಕೊರಳು ಕೊಟ್ಟ, ಇಲ್ಲಿ ಹತ್ತು ಜನ ಹೆಗಲು ಕೊಟ್ಟರು.

ಜಾಮೀನಿನ ಸಹಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 'ಸುಮ್ಮ ಒಂದು ಸಹಿ ಹಾಕು, ಏನಾಗೂದಿಲ್ಲ' ಎಂದು ಗೆಳೆಯ ಕರೆದೊಯ್ಯುತ್ತಾನೆ. ಹಂಗಲ್ಲರಿ. 1872ರ ಕರಾರು ಕಾಯದೆಯ 128ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ನಮ್ಮ ಹಳ್ಳಿಗಳಲ್ಲಿ ಸಾಲಕ್ಕಿಂತ ಜಾಮೀನಿನಿಂದ ಮುರಿದ ಗೆಳೆತನಗಳೇ ಹೆಚ್ಚು.

ಇಂದಿನ ಸಹಿ

ಈಗ ಸಹಿ ಮತ್ತೆ ವೇಷ ಬದಲಿಸಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. ಪಹಣಿ ಕಂಪ್ಯೂಟರಿನಿಂದ ಬರುತ್ತದೆ. ರೇಶನ್ ಅಂಗಡಿಯಲ್ಲಿ ಅಕ್ಷರ ಬಲ್ಲವರೂ ಹೆಬ್ಬೆಟ್ಟು ಇಡುತ್ತಾರೆ. ಸಾಕ್ಷರತಾ ಆಂದೋಲನದಲ್ಲಿ ಕಷ್ಟಪಟ್ಟು ಹೆಸರು ಬರೆಯಲು ಕಲಿತ ತಾಯಂದಿರು ಮತ್ತೆ ಬೆರಳನ್ನೇ ಚಾಚಬೇಕಾಗಿದೆ. ಕುಡುಗೋಲು, ಕುರ್ಚಿಗಿ ಹಿಡಿದು ಸವೆದ ಬೆರಳನ್ನು ಯಂತ್ರ ಕೆಲವೊಮ್ಮೆ ಗುರುತಿಸುವುದೇ ಇಲ್ಲ. ದುಡಿದ ಕೈಯೇ ಸುಳ್ಳಾದಂತೆ ಆಗುತ್ತದೆ. ಇನ್ನು ಫೋನಿಗೆ ಬರುವ ಓಟಿಪಿ ಸಂಖ್ಯೆಯೂ ಒಂದು ಸಹಿಯೇ. ಅದನ್ನು ಬೇರೆಯವರಿಗೆ ಹೇಳುವುದು ಕೋರಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಂತೆ.

ಕಿಸೆಯಲ್ಲಿರುವ ನೂರರ ನೋಟು ತೆಗೆದು ನೋಡ್ರಿ. ರಿಜರ್ವ್ ಬ್ಯಾಂಕಿನ ಗವರ್ನರರ ಸಹಿ ಇದೆ. ಅದರ ಮೇಲೆ ಹಿಂದಿಯಲ್ಲಿ ಬರೆದ ಸಾಲಿನಲ್ಲಿ 'ವಚನ' ಎಂಬ ಶಬ್ದ ಇದೆ. ಕೊಡುತ್ತೇನೆಂಬ ಮಾತೇ ವಚನ, ಅದರ ಕೆಳಗಿನ ಗುರುತೇ ಅಂಕಿತ. ಬಸವಣ್ಣನವರ ವಚನಕ್ಕೂ ನೋಟಿನ ವಚನಕ್ಕೂ ನಮ್ಮ ಸಂಘದ ಸಾಲದ ಕಾಗದಕ್ಕೂ ತತ್ವ ಒಂದೇ: ಸಹಿ ಅಂದರೆ ಸಾಕ್ಷಿ ಇಟ್ಟು ಕೊಟ್ಟ ಮಾತು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಓದಿ ಸಹಿ ಮಾಡ್ರಿ. ಓದಲು ಬಾರದಿದ್ದರೆ ಓದಿ ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು, ಅದರಲ್ಲಿ ನಾಚಿಕೆ ಇಲ್ಲ. ಕೋರಾ ಕಾಗದಕ್ಕೆ ಕೈ ಕೊಡಬೇಡ್ರಿ. ಕಟ್ಟಿದ ಪ್ರತಿ ರೂಪಾಯಿಗೆ ಸಂಘದ ಸಹಿ ಇರುವ ರಸೀದಿ ಕೇಳಿ ತಗೊಳ್ರಿ. ವಾರ್ಷಿಕ ಸಭೆಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಎದ್ದು ಹೋಗದೆ, ಕೂತು ಲೆಕ್ಕ ಕೇಳ್ರಿ. ಇಪ್ಪತ್ತೈದು ವರ್ಷ ಈ ಸಂಘವನ್ನು ಹೊತ್ತದ್ದು ಸದಸ್ಯರ ಸಹಿಗಳು. ಬಂಗಾರದ ಹಬ್ಬದ ತನಕ ಹೊರಬೇಕಾದವೂ ಅವೇ.