ಗೋಲಗುಮ್ಮಟದ ನೆರಳಲ್ಲಿ ಒಂದು ಬ್ಯಾಂಕು, ಒಂದು ಶಾಲೆ, ಒಂದು ಮುದ್ರಣಾಲಯ

ಹೂವಿನ ಹಿಪ್ಪರಗಿ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯವರಿಗೆ ಪಟ್ಟಣವೆಂದರೆ ವಿಜಾಪುರವೇ. ಕೋರ್ಟು, ದವಾಖಾನೆ, ಕಾಲೇಜು, ಕಾಳಿನ ಪೇಟೆ ಎಲ್ಲವೂ ಅಲ್ಲಿಯೇ. 2014ರಲ್ಲಿ ಊರಿನ ಹೆಸರು ವಿಜಯಪುರವೆಂದಾಯಿತು. ಹಾಳೂರಾಗಿದ್ದ ಈ ರಾಜಧಾನಿ ಮತ್ತೆ ಪೇಟೆಯಾದ ಕತೆ ಮಾತ್ರ ಗೋಲಗುಮ್ಮಟ ನೋಡಲು ಬರುವವರ ಕಿವಿಗೆ ಬೀಳುವುದಿಲ್ಲ.

1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಶರಣಾದ ಮೇಲೆ ಆದಿಲಶಾಹಿ ವಿಜಾಪುರದ ಉಸಿರೇ ನಿಂತಿತು. ದರ್ಬಾರು ಹೋಯಿತು, ದರ್ಬಾರನ್ನು ನಂಬಿದ್ದ ಕುಶಲಕರ್ಮಿಗಳೂ ವರ್ತಕರೂ ಹೋದರು. ಹಿಂದೆಯೇ ಮಾರಿಬೇನೆ ಬಂತು. 1876-78ರ ಭೀಕರ ಬರ ಸುತ್ತಲಿನ ಹಳ್ಳಿಗಳ ಬೆನ್ನೆಲುಬನ್ನೂ ಮುರಿಯಿತು.

ಮೊದಲ ಚೇತರಿಕೆ ಸರಕಾರದಿಂದ ಬಂತೆಂಬುದು ನಿಜ. 1884ರಲ್ಲಿ ರೈಲು ಬಂತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬದಲಾಯಿತು. ಹಳೆಯ ಮಹಲುಗಳಲ್ಲಿ ಕಚೇರಿಗಳು ಕುಳಿತವು. ಆದರೆ ಕಚೇರಿ ಬಂದ ಮಾತ್ರಕ್ಕೆ ಊರು ಬದುಕುವುದಿಲ್ಲ. ರೈಲು ಕಾಳನ್ನು ಹೊರಗೆ ಒಯ್ಯಬಲ್ಲುದು. ಬಿತ್ತುವ ರೈತನಿಗೆ, ಅಂಗಡಿ ಇಡುವವನಿಗೆ ಹಣ ಕೊಡುವವರು ಯಾರು? ಸಾಹುಕಾರನ ಬಡ್ಡಿಯೊಂದೇ ದಾರಿಯಾಗಿತ್ತು. ಓದಿದ ಮಕ್ಕಳಂತೂ ಬೆರಳೆಣಿಕೆಯಷ್ಟು.

ಈ ಎರಡು ಕೊರತೆಗಳ ಮೇಲೆ ಕೈಯಿಟ್ಟವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲಿ ಓದಿ ವಿಜಾಪುರಕ್ಕೆ ಬಂದವರು. ನಾಡು ಅವರನ್ನು 'ವಚನ ಪಿತಾಮಹ'ರೆಂದು ನೆನೆಯುತ್ತದೆ. ಆದರೆ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅವರು ಊರು ಕಟ್ಟುವ ಕೆಲಸಕ್ಕೆ ಇಳಿದಿದ್ದರು. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಮುಂದಾಳುತನದಲ್ಲಿ ಹುಟ್ಟಿದವು.

ಸಹಕಾರದ ಮಾತು ಆಗ ಹೊಸತು. 1904ರ ಕಾಯಿದೆಯ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿ ದಾರಿ ತೋರಿದ್ದರು. ಅದರ ಮರ್ಮ ಸರಳ. ಒಬ್ಬೊಬ್ಬರ ಕೈಯಲ್ಲಿದ್ದಾಗ ಯಾವ ಕೆಲಸಕ್ಕೂ ಸಾಲದ ಹಣ ಷೇರಾಗಿ, ಠೇವಣಿಯಾಗಿ ಒಂದೆಡೆ ಸೇರಿದರೆ ಬಂಡವಾಳವಾಗುತ್ತದೆ. ಸಾಲಗಾರನ ಗುಣ ಬಲ್ಲ ನೆರೆಯವನೇ ಜಾಮೀನು ನಿಲ್ಲುತ್ತಾನೆ. ಬಡ್ಡಿಯ ಲಾಭ ಊರಿನಲ್ಲಿಯೇ ಉಳಿಯುತ್ತದೆ. ಬ್ಯಾಂಕಿಗೆ ಊರದೇವರಾದ ಸಿದ್ಧೇಶ್ವರನ ಹೆಸರಿಟ್ಟದ್ದೂ ಜಾಣತನವೇ. ಸಂಕ್ರಾಂತಿಯ ಜಾತ್ರೆಗೆ ದನ ಹೊಡೆದುಕೊಂಡು ಬರುವ ರೈತನಿಗೆ ಆ ಹೆಸರು ಹೊಸದಾಗಿರಲಿಲ್ಲ.

ಮುದ್ರಣದ ಕತೆಯೂ ಹೀಗೆಯೇ. ಮನೆ ಮಾರಿ ಹಣ ಹೊಂದಿಸಿ, 1925ರಲ್ಲಿ ಹಳಕಟ್ಟಿಯವರು 'ಹಿತಚಿಂತಕ' ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ', ಅದರ ಮರುವರ್ಷ 'ನವಕರ್ನಾಟಕ' ಪತ್ರಿಕೆ ಬಂದವು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ಕಾಯಕದ ಮಾತು ಮಠದ ಕಟ್ಟುಗಳಿಂದ ಅಚ್ಚಿನ ಪುಟಕ್ಕೆ ಇಳಿಯಿತು. ಕಾಯಕ, ದಾಸೋಹಗಳನ್ನು ಓದಿದವರೇ ಬ್ಯಾಂಕು, ಶಾಲೆ ಕಟ್ಟಿದರೆಂಬುದು ಆಕಸ್ಮಿಕವಲ್ಲ. ನಗರಸಭೆಯಲ್ಲಿಯೂ ದುಡಿದ ಅವರನ್ನು ಭೂತನಾಳ ಕೆರೆಯ ನೀರಿನೊಂದಿಗೆ ಊರಿನ ಹಿರಿಯರು ಇಂದಿಗೂ ನೆನೆಯುತ್ತಾರೆ.

ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾಗದು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದನ್ನು ಬ್ಯಾಂಕಾಗಲಿ ಶಾಲೆಯಾಗಲಿ ತಡೆಯಲಿಲ್ಲ. ಬೇಕಾದದ್ದು ನೀರು. ಅದಕ್ಕೆ ಒಂದು ಊರಿನ ಬಂಡವಾಳ ಸಾಲದು. ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅದೇ ವರ್ಷದ ಜೂನ್ 29ರಂದು ಹಳಕಟ್ಟಿಯವರು ತೀರಿಕೊಂಡರು. ಕಟ್ಟೆ ಪೂರ್ತಿಯಾಗಲು ನಾಲ್ಕು ದಶಕ ಹಿಡಿಯಿತು. ಈಗ ಏತ ನೀರಾವರಿಯ ಕಾಲುವೆಗಳು ಬಾಗೇವಾಡಿ ಸೀಮೆಯ ಎರೆಹೊಲಗಳನ್ನು ಮುಟ್ಟಿವೆ.

1910ರ ಸಂಸ್ಥೆ ಇಂದು ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳನ್ನು ನಡೆಸುತ್ತಿದೆ. ಅದರ ಒಂದು ಆವರಣಕ್ಕೆ ಬಂಗಾರಮ್ಮ ಸಜ್ಜನರ ಹೆಸರಿದೆ. ಸುಲ್ತಾನರ ಆಳ್ವಿಕೆಯೊಡನೆಯೇ ಅವರ ಊರಿನ ವೈಭವವೂ ಮುಗಿಯಿತು. ಹಳಕಟ್ಟಿಯವರು ಕೊನೆಗಾಲದಲ್ಲಿ ಬಡವರಾಗಿಯೇ ಇದ್ದರು. ಅವರು ಕಟ್ಟಿದ್ದು ಬೆಳೆಯಿತು. ನಮ್ಮ ಸಣ್ಣ ಊರುಗಳ ಮುಂದಾಳುಗಳು ಈ ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.